ಪಕ್ಕಪಕ್ಕ ಎರಡು ಸೈಕಲ್

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರ ಕಣ್ಣು ಮುಂದಿದ್ದರೂ ಕಿವಿ ಮಾತ್ರ ಬೆನ್ನ ಹಿಂದೆಯೇ ಇರಬೇಕು. ಬಸ್ಸಿನ ಏರ್ ಬ್ರೇಕು, ನೀರಿನ ಟ್ಯಾಂಕರಿನ ಕುಲುಕಾಟ, ಡೆಲಿವರಿ ಹುಡುಗರ ಬೈಕು, ಒಂದೊಂದರ ಸದ್ದೂ ಎಷ್ಟು ದೂರದಲ್ಲಿದೆ, ಎಡಕ್ಕೆ ನುಗ್ಗುತ್ತದೋ ಬಲಕ್ಕೋ ಎಂದು ಲೆಕ್ಕ ಹಾಕುತ್ತಲೇ ಪೆಡಲ್ ಒತ್ತಬೇಕು. ಇದಕ್ಕೆಲ್ಲ ನಾನು ಒಗ್ಗಿಹೋಗಿದ್ದೇನೆ. ಒಗ್ಗದೆ ಉಳಿದ ಕಿರಿಕಿರಿ ಒಂದೇ: ಜೊತೆಗೆ ಯಾರಾದರೂ ಬಂದರೆ ಅವರೊಡನೆ ಮಾತಾಡುವ ಹಾಗಿಲ್ಲ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಅರ್ಧ ಮಾತು, ಉಳಿದರ್ಧ ಮುಂದಿನ ಸಿಗ್ನಲ್ಲಿಗೆ. ಅಷ್ಟರಲ್ಲಿ ಹೇಳಬೇಕೆಂದುಕೊಂಡದ್ದು ಆರಿ ತಣ್ಣಗಾಗಿರುತ್ತದೆ.

ನನಗೂ ತಂಗಿಗೂ ಸೈಕಲ್ ಎಂದರೆ ಮೊದಲಿನಿಂದ ಮಾತೇ. ಅಪ್ಪ ರೈಲ್ವೆಯಲ್ಲಿ ಗೇಟ್‌ಮನ್. ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಲೈನಿನಲ್ಲಿ, ಸಾಗರ ದಾಟಿದ ಮೇಲೆ ಸಿಗುವ ಒಂದು ಲೆವೆಲ್ ಕ್ರಾಸಿಂಗ್ ಪಕ್ಕದ ಎರಡು ಕೋಣೆಯ ಹಂಚಿನ ಮನೆಯಲ್ಲಿ ನಾವು ಬೆಳೆದದ್ದು. ಹೈಸ್ಕೂಲಿಗೆ ಸಾಗರಕ್ಕೆ ಹೋಗಬೇಕು. ನನಗೆ ಅಪ್ಪನ ಬಾರ್ ಸೈಕಲ್, ಅವಳಿಗೆ ಯಾರೋ ಮಾರಿದ ಲೇಡೀಸ್ ಸೈಕಲ್. ರಸ್ತೆ ತುಂಬ ನಾವಿಬ್ಬರೇ. ಬಸ್ಸು ಬಂದರೆ ಎರಡು ತಿರುವು ಆಚೆಯೇ ಗೊತ್ತಾಗುತ್ತಿತ್ತು. ಸರಿದು ನಿಂತು, ಧೂಳು ಕುಳಿತ ಮೇಲೆ ಮತ್ತೆ ಜೋಡಿಯಾಗಿ ಹೊರಡುತ್ತಿದ್ದೆವು. ಟೀಚರ ಸೀರೆಯಿಂದ ಹಿಡಿದು ಅಮ್ಮನ ಸಿಟ್ಟಿನವರೆಗೆ ಆ ದಾರಿಯಲ್ಲಿ ಇತ್ಯರ್ಥವಾಗದ ವಿಷಯವೇ ಇರಲಿಲ್ಲ. ಏರಿನಲ್ಲಿ ಉಸಿರು ಕಟ್ಟಿ ಮಾತು ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು.

ಆಮೇಲೆ ಅವಳು ಓದಿಗೆಂದು ಫ್ರಾನ್ಸಿಗೆ ಹೋದಳು, ಅಲ್ಲೇ ಮದುವೆಯಾಯಿತು, ರೆನ್ ನಗರದಲ್ಲಿ ಮನೆ ಮಾಡಿದಳು. ಭಾನುವಾರದ ವಿಡಿಯೋ ಕಾಲಿನಲ್ಲಿ ಇಬ್ಬರ ಮುಖವೂ ಚೆನ್ನಾಗಿ ಕಾಣುತ್ತದೆ. ಆದರೆ ಮುಖ ನೋಡಿಕೊಂಡು ಆಡಬಹುದಾದ ಮಾತು ಬೇರೆ, ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತ ಆಡುವ ಮಾತು ಬೇರೆ. ಪರದೆಯೆದುರು ಸುಮ್ಮನಿದ್ದರೆ ‘ಕೇಳಿಸ್ತಿದೆಯಾ’ ಎಂದು ವಿಚಾರಿಸಿಕೊಳ್ಳಬೇಕಾಗುತ್ತದೆ. ಸೈಕಲ್ ಮೇಲೆ ಸುಮ್ಮನಿದ್ದರೆ ಯಾರೂ ಏನೂ ಕೇಳುವುದಿಲ್ಲ.

‘ಅಕ್ಕಾ, ಕಾರೇ ಬರದ ದಾರಿಯಲ್ಲಿ ಸೈಕಲ್ ಹೊಡೆಯೋಣ ಬಾರೆ’ ಎಂದು ಅವಳು ಕರೆದಾಗ ನಾನು ಊಹಿಸಿಕೊಂಡದ್ದು ಯಾವುದೋ ಪಾರ್ಕನ್ನು. ಅವಳು ಕರೆದುಕೊಂಡು ಹೋದದ್ದು ಬ್ರಿಟನಿ ಪ್ರಾಂತ್ಯವನ್ನು ಅಡ್ಡಡ್ಡಲಾಗಿ ಹಾಯುವ ನಾಂತ್–ಬ್ರೆಸ್ತ್ ಕಾಲುವೆಯ ದಂಡೆಗೆ. ಉದ್ದ ಸುಮಾರು 360 ಕಿಲೋಮೀಟರ್. ಹಿಂದೆ ಕುದುರೆಗಳೂ ಮನುಷ್ಯರೂ ಹಗ್ಗ ಹಿಡಿದು ಸರಕಿನ ದೋಣಿಗಳನ್ನು ಎಳೆದುಕೊಂಡು ಹೋಗುತ್ತಿದ್ದ ದಾರಿ. ಈಗ ಅಲ್ಲಿ ನಡೆಯುವವರು, ಸೈಕಲ್ಲಿನವರು, ಮೀನು ಹಿಡಿಯುವವರು ಮಾತ್ರ. ನಾವು ಅಷ್ಟನ್ನೂ ತುಳಿಯಲಿಲ್ಲ. ನಡುವಿನ ಜೋಸ್ಲಾಂ ಎಂಬ ಊರಿನಲ್ಲಿ ಸೈಕಲ್ ಹತ್ತಿ ಪಶ್ಚಿಮಕ್ಕೆ ಮುಖ ಮಾಡಿದೆವು.

ಜೋಸ್ಲಾಂ ಕೋಟೆಯ ಮೂರು ದುಂಡನೆಯ ಬುರುಜುಗಳು ಊಸ್ತ್ ನದಿಯ ನೀರಿನಿಂದಲೇ ಎದ್ದು ನಿಂತ ಹಾಗಿವೆ. ರೋಆಂ ಮನೆತನದವರು ಇಂದಿಗೂ ಅಲ್ಲೇ ವಾಸವಾಗಿದ್ದಾರೆ. ಅದನ್ನು ನೋಡುವವರು ಸೇತುವೆಯ ಮೇಲೆ ತುಂಬಿದ್ದರು. ಸೇತುವೆಯ ಕೆಳಗೆ ಹಾದು ಒಂದು ತಿರುವು ತಿರುಗಿದ್ದೇ ತಡ, ಎಲ್ಲ ಸದ್ದೂ ಹಿಂದೆ ಬಿತ್ತು. ನನ್ನ ಕಿವಿ ಮಾತ್ರ ಬಹಳ ಹೊತ್ತು ಹಿಂದೆಯೇ ಇತ್ತು. ತಂಗಿ ಬಲಗಡೆ ಪಕ್ಕಕ್ಕೆ ಬಂದಾಗಲೆಲ್ಲ ನಾನು ಎಡಕ್ಕೆ ಸರಿದು ಅವಳನ್ನು ಮುಂದೆ ಬಿಡುತ್ತಿದ್ದೆ. ‘ಯಾರಿಗೆ ದಾರಿ ಬಿಡ್ತೀಯೇ? ಹಿಂದೆ ಯಾರೂ ಇಲ್ಲ’ ಎಂದಳು. ಹಿಂತಿರುಗಿ ನೋಡಿದೆ. ಓಕ್ ಮರಗಳ ನಡುವೆ ನೆಟ್ಟಗಿನ ದಾರಿ, ಅದರ ಪಕ್ಕ ನಿಂತಂತೆ ಕಾಣುವ ನೀರು, ಅಷ್ಟೆ. ಬೆನ್ನಿನಲ್ಲಿ, ಭುಜದ ಎರಡು ಮೂಳೆಗಳ ನಡುವೆ, ವರ್ಷಗಳಿಂದ ಬಿಗಿದುಕೊಂಡಿದ್ದ ಯಾವುದೋ ಸ್ನಾಯು ಮೆಲ್ಲಗೆ ಸಡಿಲವಾದದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

ಫ್ರಾನ್ಸಿನಲ್ಲಿ ಇಂಥ ಹಾದಿಗಳಿಗೆ ‘ವ್ವಾ ವೆರ್ತ್’ ಎನ್ನುತ್ತಾರೆ, ಹಸಿರು ದಾರಿ. 2004ರಲ್ಲಿ ಅದನ್ನು ಅಲ್ಲಿನ ಸಂಚಾರ ನಿಯಮದೊಳಗೇ ಸೇರಿಸಿದರು: ಮೋಟಾರಿಲ್ಲದ ವಾಹನ, ಪಾದಚಾರಿ, ಕುದುರೆ ಸವಾರ, ಇವರಿಗೆ ಮಾತ್ರ ಮೀಸಲು. ದಾರಿ ಎಲ್ಲಾದರೂ ಊರ ರಸ್ತೆಯನ್ನು ಅಡ್ಡ ಹಾಯುವ ಕಡೆ ನೀಲಿ ಫಲಕವೂ ಮರದ ಅಡ್ಡಗಂಬವೂ ಇರುತ್ತವೆ. ನಾಂತ್–ಬ್ರೆಸ್ತ್ ದಂಡೆಯ ಹಾಗೆ ಕಾಲುವೆಯ ಪಕ್ಕದಲ್ಲಿರುವುದು ಒಂದು ಬಗೆ. ನಿಂತುಹೋದ ರೈಲುಮಾರ್ಗದ ಮೇಲೆ ಹಾಸಿದ್ದು ಇನ್ನೊಂದು ಬಗೆ. ಈ ಎರಡನೆಯದರಲ್ಲಿ ಮೊದಲು ಹೆಸರು ಮಾಡಿದ್ದು ಬರ್ಗಂಡಿಯ ಜಿವ್ರಿ–ಕ್ಲೂನಿ ದಾರಿ, 1997ರದ್ದು. ಅದು ಮುಂದೆ ದಕ್ಷಿಣಕ್ಕೆ ಸಾಗುವಲ್ಲಿ ಒಂದೂವರೆ ಕಿಲೋಮೀಟರಿಗೂ ಉದ್ದದ ರೈಲು ಸುರಂಗವೊಂದಿದೆ. ಚಳಿಗಾಲದಲ್ಲಿ ಆ ಸುರಂಗವನ್ನು ಸೈಕಲ್ಲಿನವರಿಗೆ ಮುಚ್ಚುತ್ತಾರೆ, ಒಳಗೆ ಬಾವಲಿಗಳು ಮಲಗುತ್ತವೆಂದು. ತಂಗಿ ಇದನ್ನು ಹೇಳಿದಾಗ ನನಗೆ ಆ ದೇಶದ ಮೇಲೆ ಅಕ್ಕರೆ ಉಕ್ಕಿತು.

ಜಿವ್ರಿಯ ದಾರಿಗೆ ಡಾಂಬರಿದೆ. ನಮ್ಮ ಕಾಲುವೆ ದಂಡೆಗಿಲ್ಲ, ಮತ್ತು ಇಲ್ಲದಿರುವುದೇ ಚೆಂದ. ಹಾಸಿರುವುದು ಸಣ್ಣ ಜಲ್ಲಿಯೂ ಮರಳೂ ಬೆರೆತ ಗರಸು. ರೋಲರ್ ಹಾಯಿಸಿ ಒತ್ತಿದ್ದಾರೆ. ಒಣಗಿದಾಗ ತಿಳಿ ಹಳದಿ, ಮಳೆ ಬಂದರೆ ಕಂದು. ನಡುವೆ ಒಂದು ಗೇಣಗಲ ಹುಲ್ಲು, ಎರಡೂ ಪಕ್ಕ ಚಕ್ರ ಓಡುವ ಪಟ್ಟಿ. ಬೀಚ್ ಮರಗಳ ಬೇರು ಉಬ್ಬಿದ ಕಡೆ ಹ್ಯಾಂಡಲ್ ಸಣ್ಣಗೆ ಕುಲುಕುತ್ತದೆ. ಅಗಲವಾದ ಟೈರಿಗೆ ಗಾಳಿ ಸ್ವಲ್ಪ ಕಡಿಮೆ ಮಾಡಿಕೊಂಡರೆ ಅದೂ ಇಲ್ಲ. ಗರಸಿನ ಮೇಲೆ ಟೈರು ಹೊರಡಿಸುವ ಚರಚರ ಸದ್ದು ಮಾತಿಗೆ ಅಡ್ಡಿ ಮಾಡುವುದಿಲ್ಲ. ಹಿಂದಿನಿಂದ ಬರುವವರ ಸುಳಿವನ್ನೂ ಅದೇ ಕೊಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ವೇಗಕ್ಕೆ ಬಗ್ಗುವುದಿಲ್ಲ. ಡಾಂಬರಿನ ಮೇಲೆ ಇಬ್ಬರಲ್ಲಿ ಗಟ್ಟಿಗರು ಮುಂದೆ ಹೋಗಿಬಿಡುತ್ತಾರೆ. ಗರಸು ಇಬ್ಬರನ್ನೂ ಒಂದೇ ನಿಧಾನಕ್ಕೆ ತಂದು ನಿಲ್ಲಿಸುತ್ತದೆ. ಪೂರ್ತಿ ಡಾಂಬರು ಹಾಕಿದರೆ ಇನ್ನೂ ಹೆಚ್ಚು ಜನ ಬರುತ್ತಾರೆ ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ, ಗಾಲಿಕುರ್ಚಿಯವರ ಕಷ್ಟ ನಿಜ. ಊರು ಹತ್ತಿರವಿರುವ ಕಡೆ ಗಟ್ಟಿಯಾಗಿ, ನುಣುಪಾಗಿ ಮಾಡಲಿ. ಕಾಡಿನ ನಡುವೆಯಾದರೂ ಗರಸು ಉಳಿಯಲಿ.

ಇಷ್ಟು ಹಾಯಾದ ದಾರಿ ಹುಟ್ಟಿದ್ದು ಯುದ್ಧದ ದೆಸೆಯಿಂದ. ನೆಪೋಲಿಯನ್ ಕಾಲದಲ್ಲಿ ಇಂಗ್ಲಿಷ್ ನೌಕಾಪಡೆ ಬ್ರಿಟನಿಯ ಕಡಲತೀರವನ್ನು ಮುತ್ತಿಕೊಂಡಿತ್ತು. ಬ್ರೆಸ್ತ್ ಬಂದರಿನ ನೌಕಾನೆಲೆಗೆ ಸಮುದ್ರದ ಮೇಲೆ ಸಾಮಾನು ಮುಟ್ಟಿಸುವುದು ಕಷ್ಟವಾಯಿತು. ಹಾಗಿದ್ದರೆ ಒಳನಾಡಿನಲ್ಲೇ ನೀರಿನ ದಾರಿ ಮಾಡೋಣವೆಂದು ಎರ್ದ್ರ್, ಇಸಾಕ್, ಊಸ್ತ್, ಬ್ಲಾವೆ, ಓನ್ ಮುಂತಾದ ನದಿಗಳನ್ನು ಹಿಡಿದು, ಒಂದರಿಂದ ಇನ್ನೊಂದಕ್ಕೆ ಗುಡ್ಡ ಹತ್ತಿಸಿ ಇಳಿಸಿ ಜೋಡಿಸಲು ಹೊರಟರು. ಕಾಲುವೆ ಪೂರ್ತಿಯಾಗಿ ತೆರೆದದ್ದು 1842ರಲ್ಲಿ. ಅಷ್ಟರಲ್ಲಿ ನೆಪೋಲಿಯನ್ನನೂ ಇರಲಿಲ್ಲ, ಆ ಯುದ್ಧವೂ ಇರಲಿಲ್ಲ. 1865ರಲ್ಲಿ ರೈಲು ಬ್ರೆಸ್ತ್ ಮುಟ್ಟಿತು. ಆದರೂ ಚಪ್ಪಡಿಕಲ್ಲು, ಮರಮುಟ್ಟು, ಹೊಲಕ್ಕೆ ಹಾಕುವ ಸುಣ್ಣ, ಗೊಬ್ಬರ ಹೊತ್ತ ದೋಣಿಗಳು ಬಹಳ ಕಾಲ ಓಡಾಡಿದವು. ಒಳನಾಡಿನ ಹುಳಿಮಣ್ಣಿನ ಹೊಲಗಳಿಗೆ ಸುಣ್ಣ ತಂದುಕೊಟ್ಟದ್ದು ಈ ಕಾಲುವೆ. ಸೈನ್ಯಕ್ಕೆಂದು ತೋಡಿದ್ದು ರೈತನಿಗೆ ಒದಗಿತು.

ನೀರು ಗುಡ್ಡ ಹತ್ತಬೇಕಾದರೆ ಮೆಟ್ಟಿಲು ಬೇಕು. ಆ ಮೆಟ್ಟಿಲುಗಳೇ ಲಾಕ್‌ಗಳು, ಇಡೀ ಕಾಲುವೆಗೆ ಇನ್ನೂರ ಮೂವತ್ತಕ್ಕೂ ಹೆಚ್ಚು. ಒಂದರಲ್ಲಿ ದೋಣಿ ಹಾಯುವುದನ್ನು ನಾವು ಆದಿಯಿಂದ ಅಂತ್ಯದವರೆಗೆ ನಿಂತು ನೋಡಿದೆವು. ಎರಡೂ ಕಡೆ ಕಲ್ಲುಗೋಡೆ, ಎರಡು ತುದಿಗೂ ಜೋಡಿ ಬಾಗಿಲು. ಕೆಳಗಿನಿಂದ ಬಂದ ಸಣ್ಣ ದೋಣಿ ಒಳಗೆ ಹೋದ ಮೇಲೆ, ರಜೆಯಲ್ಲಿ ಈ ಕೆಲಸಕ್ಕೆ ಸೇರಿದ್ದ ಕಾಲೇಜು ಹುಡುಗಿಯೊಬ್ಬಳು ಹಿಂದಿನ ಬಾಗಿಲುಗಳನ್ನು ಮುಚ್ಚಿದಳು. ಆಮೇಲೆ ಮುಂದಿನ ಬಾಗಿಲ ಮೇಲೇರಿ, ಕಬ್ಬಿಣದ ಹಿಡಿಕೆಯನ್ನು ಎರಡೂ ಕೈಯಲ್ಲಿ ಸುತ್ತತೊಡಗಿದಳು. ಹಲ್ಲಿನ ಚಕ್ರ ಕಟಕಟ ಎಂದಿತು. ಬಾಗಿಲ ಬುಡದ ಕಿಂಡಿ ತೆರೆದು ಮೇಲಿನ ನೀರು ಒಳಗೆ ಉಕ್ಕಿತು. ದೋಣಿಯವರು ಗೋಡೆಯ ಗೂಟಕ್ಕೆ ಸುತ್ತಿದ ಹಗ್ಗವನ್ನು ಬಿಗಿ ಹಿಡಿದು, ನೀರೇರಿದಂತೆ ಎಳೆದುಕೊಳ್ಳುತ್ತಿದ್ದರು. ಮೊದಲು ಅವರ ಟೋಪಿ ಕಂಡಿತು, ಆಮೇಲೆ ಮುಖ, ಆಮೇಲೆ ದೋಣಿಯ ಮೇಲಿನ ನಾಯಿ. ಒಳಗೂ ಹೊರಗೂ ನೀರು ಸಮವಾದ ಮೇಲೆ ಅಷ್ಟು ದೊಡ್ಡ ಬಾಗಿಲನ್ನು ಆ ಹುಡುಗಿ ಒಬ್ಬಳೇ ಸರಿಸಿದಳು. ಸಮವಾಗುವವರೆಗೆ ಎಂಥ ಜಟ್ಟಿಯಿಂದಲೂ ಆಗದ ಕೆಲಸ ಅದು. ದೋಣಿ ಹೊರಟಿತು, ಅವಳು ಮುಂದಿನ ಲಾಕಿಗೆ ಹೋಗಲು ತನ್ನ ಸೈಕಲ್ ಹತ್ತಿದಳು.

ಪ್ರತಿ ಲಾಕಿನ ಪಕ್ಕ ಒಂದು ಚಿಕ್ಕ ಮನೆ. ಕಲ್ಲಿನ ಗೋಡೆ, ಮೇಲೆ ಕಪ್ಪು ಚಪ್ಪಡಿಕಲ್ಲಿನ ಮಾಡು, ಬಾಗಿಲ ಬಳಿ ಲಾಕಿನ ಹೆಸರಿನ ಫಲಕ. ಮುಂದೆ ತರಕಾರಿ ಪಾತಿ, ಹೈಡ್ರೇಂಜಿಯ ಹೂವು. ಕಾಲುವೆಯಲ್ಲಿ ದೋಣಿ ಓಡಾಡುತ್ತಿದ್ದ ಕಾಲದಲ್ಲಿ ಲಾಕ್ ಕಾಯುವವರ ಕುಟುಂಬ ಇಲ್ಲಿರುತ್ತಿತ್ತು. ಗಂಡ ಇಲ್ಲದ ಹೊತ್ತಿನಲ್ಲಿ ಹೆಂಡತಿ ಹಿಡಿಕೆ ಸುತ್ತುತ್ತಿದ್ದಳು. ಈಗ ಕೆಲವು ಖಾಲಿ, ಕೆಲವು ಕಾಫಿ ಅಂಗಡಿ, ಕೆಲವು ಸೈಕಲ್ಲಿನವರು ರಾತ್ರಿ ತಂಗುವ ವಸತಿ. ಎಲ್ಲವೂ ಬಹುತೇಕ ಒಂದೇ ನಕ್ಷೆಯವು. ಇಬ್ಬರೂ ಒಂದು ಮನೆಯೆದುರು ಕಾಲೂರಿ ನಿಂತೆವು. ಕೆಲಸದ ಜಾಗಕ್ಕೂ ಅಡುಗೆಮನೆಗೂ ನಡುವೆ ಹತ್ತು ಹೆಜ್ಜೆ. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನ್ ಗಂಟೆ ಬಾರಿಸಿದರೆ ಬಾಣಲೆ ಇಳಿಸಿ ಅಪ್ಪನನ್ನು ಕೂಗುತ್ತಿದ್ದುದು ನೆನಪಾಯಿತು. ಇಬ್ಬರಿಗೂ ನೆನಪಾಗಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಗ ಯಾರೂ ಆ ಮಾತೆತ್ತಲಿಲ್ಲ.

ರೋಆಂ ಊರು ದಾಟಿದ ಮೇಲೆ ಕಾಲುವೆ ಊಸ್ತ್ ಕಣಿವೆಯನ್ನು ಬಿಟ್ಟು ಬ್ಲಾವೆ ಕಣಿವೆಗೆ ಹಾರಬೇಕು. ಪೊಂತಿವಿ ತಲುಪುವವರೆಗಿನ ಸುಮಾರು 25 ಕಿಲೋಮೀಟರಿನಲ್ಲಿ ಐವತ್ತಕ್ಕೂ ಹೆಚ್ಚು ಲಾಕ್‌ಗಳು. ಒಂದು ಬಾಗಿಲ ಬಳಿ ನಿಂತರೆ ಮುಂದಿನದು ಕಾಣುತ್ತದೆ, ಅದರಾಚೆ ಇನ್ನೊಂದು. ದೋಣಿಯವರಿಗೆ ಇದು ಎಷ್ಟು ತಾಳ್ಮೆಯ ಕೆಲಸವೋ, ಸೈಕಲ್ಲಿನವರಿಗೆ ಅಷ್ಟು ಸುಖ. ಲಾಕ್ ಇರುವಲ್ಲಿ ಒಂದು ಪುಟ್ಟ ಏರು, ಆಮೇಲೆ ಪೂರ್ತಿ ಸಮತಟ್ಟು. ಗುಡ್ಡ ಹತ್ತಿದ್ದೇ ತಿಳಿಯುವುದಿಲ್ಲ. ಆದರೆ ನೆತ್ತಿಯಲ್ಲಿ ನೀರು ಬೇಕಲ್ಲ? ಒಂದೊಂದು ದೋಣಿ ಹಾದಾಗಲೂ ಲಾಕ್ ತುಂಬ ನೀರು ಕೆಳಗಿಳಿದು ಹೋಗುತ್ತದೆ. ಅದಕ್ಕಾಗಿ ಉತ್ತರದ ಬೊಸ್ಮೆಲೆಯಾಕ್ ಎಂಬಲ್ಲಿ ಅಣೆ ಕಟ್ಟಿ, ಅಲ್ಲಿಂದ ಇಲ್ವೆರ್ನ್‌ವರೆಗೆ ಒಂದು ಪುಟ್ಟ ತೋಡನ್ನು ತಂದರು. ಗುಡ್ಡಗಳ ಮೈಯನ್ನೇ ಸವರಿಕೊಂಡು, ಎಲ್ಲೂ ಬೀಳದ ಹಾಗೆ, ಒಂದಿಷ್ಟೇ ಇಳಿಜಾರು ಕೊಟ್ಟು ತರಬೇಕಾದ್ದರಿಂದ ಅದು ಸುತ್ತಿ ಸುತ್ತಿ ಅರವತ್ತು ಕಿಲೋಮೀಟರಿಗೂ ಉದ್ದವಾಯಿತು. ಹಕ್ಕಿ ಹಾರಿದರೆ ಅದರ ಅರ್ಧದಷ್ಟೂ ದೂರವಿಲ್ಲ. ಇಂದು ತೋಡಿನ ಬದಿಯಲ್ಲೂ ಹಾದಿಯಿದೆ. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ನೀರು ತಿರುಗಿಸುವುದನ್ನು ನೋಡಿ ಬೆಳೆದವಳಿಗೆ ಆ ತೋಡು ತೆಗೆದವರ ಕಣ್ಣಳತೆ ದೊಡ್ಡದಾಗಿ ಕಾಣುತ್ತದೆ. ಮಟ್ಟಗೋಲು, ಗೂಟ, ಗುದ್ದಲಿ ಹಿಡಿದು ಗುಡ್ಡದ ಮೈಯಲ್ಲಿ ನೀರಿಗೆ ಮೋಸವಾಗದ ಗೆರೆ ಎಳೆಯುವುದು ಸಣ್ಣ ವಿದ್ಯೆಯಲ್ಲ.

ಆ ಏರಿನಲ್ಲೇ ನಮ್ಮ ಮಾತು ಹರಿಯತೊಡಗಿದ್ದು. ಅವಳ ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಫ್ರೆಂಚಿನಲ್ಲಿ ಉತ್ತರ ಕೊಡುತ್ತಾನೆ. ನನ್ನ ಮಗಳಿಗೆ ನೌಕರಿ ಬಿಟ್ಟು ಮತ್ತೆ ಓದುವ ಹಟ. ಅಮ್ಮನ ಮಂಡಿನೋವು. ಚಿಕ್ಕಪ್ಪನ ಮನೆಯವರ ಜೊತೆಗಿನ ಜಾಗದ ತಕರಾರು. ಫೋನಿನಲ್ಲಿ ಇವೆಲ್ಲ ವರದಿಯಾಗಿ ಮುಗಿದುಹೋಗಿದ್ದವು. ಇಲ್ಲಿ ಒಂದೊಂದಕ್ಕೂ ನಾಲ್ಕು ಲಾಕಿನಷ್ಟು ದೂರ ಸಿಕ್ಕಿತು. ಎದುರಿನಿಂದ ಯಾರಾದರೂ ಬಂದರೆ ಸಾಲಾಗುತ್ತಿದ್ದೆವು, ‘ಬೋಂಜೂರ್’ ಎನ್ನುತ್ತಿದ್ದೆವು. ಅಲ್ಲಿ ಹಾಗೆನ್ನದೆ ಯಾರೂ ಯಾರನ್ನೂ ದಾಟುವುದಿಲ್ಲ. ಗಾಳ ಹಾಕಿ ಕೂತ ಮುದುಕರು ಕೂಡ ತಲೆ ತಿರುಗಿಸದೆ ಒಂದು ಕೈ ಎತ್ತುತ್ತಾರೆ.

ಪೊಂತಿವಿಯಲ್ಲಿ ರಾತ್ರಿ ಉಳಿದೆವು. ನೆಪೋಲಿಯನ್ ಈ ಊರನ್ನು ಬ್ರಿಟನಿಯ ನಟ್ಟನಡುವಿನ ಸೇನಾಕೇಂದ್ರ ಮಾಡಲು ಹೊರಟಿದ್ದ. ಸ್ವಲ್ಪ ಕಾಲ ಇದಕ್ಕೆ ನೆಪೋಲಿಯನ್‌ವೀಲ್ ಎಂದೇ ಹೆಸರಿತ್ತು. ಹಳೆಯ ಪೇಟೆಯ ಅಂಕುಡೊಂಕು ಓಣಿ ಮುಗಿದಲ್ಲಿ ಅವನ ಕಾಲದ ನೆಟ್ಟನೆಯ ಬೀದಿಗಳು ಶುರುವಾಗುತ್ತವೆ. ನಮಗೆ ಆಗ ಇತಿಹಾಸಕ್ಕಿಂತ ಹಸಿವು ಮುಖ್ಯವಾಗಿತ್ತು. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಹೊಟ್ಟೆಯ ಲೆಕ್ಕವನ್ನು ಮುಂಚೆಯೇ ಹಾಕಿಕೊಳ್ಳಬೇಕು. ಮಧ್ಯಾಹ್ನದ ಊಟದ ಹೊತ್ತು ಮೀರಿದರೆ ಅಡುಗೆಮನೆ ಮುಚ್ಚುತ್ತದೆ, ಸೋಮವಾರ ಎಷ್ಟೋ ಬೇಕರಿಗಳಿಗೆ ರಜೆ. ಸಸ್ಯಾಹಾರಿಗಳನ್ನು ಬ್ರಿಟನಿಯಲ್ಲಿ ಕಾಯುವುದು ಗಾಲೆತ್. ಹುರುಳಿಯಲ್ಲ, ಗೋಧಿಯೂ ಅಲ್ಲ, ಬಕ್‌ವೀಟ್ ಎಂಬ ಕಪ್ಪು ಕಾಳಿನ ಹಿಟ್ಟು. ದುಂಡನೆಯ ದೊಡ್ಡ ಕಾವಲಿಯ ಮೇಲೆ ಹಿಟ್ಟು ಸುರಿದು, ಅಡ್ಡಪಟ್ಟಿಯಿರುವ ಮರದ ಕೋಲಿನಿಂದ ಒಂದೇ ಸುತ್ತಿಗೆ ಹರಡುತ್ತಾರೆ. ಅಂಚು ಗರಿಗರಿಯಾಗಿ ಏಳುವ ಹೊತ್ತಿಗೆ ಉಪ್ಪು ಬೆಣ್ಣೆ, ಚೀಸ್, ಅಣಬೆ ಹಾಕಿ ನಾಲ್ಕೂ ಬದಿ ಮಡಿಸುತ್ತಾರೆ. ದಿನವಿಡೀ ಪೆಡಲ್ ಒತ್ತಿದವರಿಗೆ ಒಂದು ಸಾಲದು.

ಪೊಂತಿವಿಯ ಮುಂದೆ ಕಾಲುವೆ ತುಂಡಾಗುತ್ತದೆ. 1923ರಿಂದ 1930ರವರೆಗೆ ಬ್ಲಾವೆ ನದಿಗೆ ಗೆರ್ಲೆದಾಂ ಎಂಬಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದರು. ಹದಿನೇಳು ಲಾಕ್‌ಗಳು ನೀರಿನಡಿಗೆ ಹೋದವು. ಅಂದಿನಿಂದ ನಾಂತ್‌ನಿಂದ ಹೊರಟ ದೋಣಿ ಬ್ರೆಸ್ತ್ ಮುಟ್ಟುವುದು ಆಗದ ಮಾತು. ಶರಾವತಿ ಹಿನ್ನೀರಿನ ಅಂಚಿನಲ್ಲಿ ಹುಟ್ಟಿದ ನಮಗೆ ಮುಳುಗಡೆ ಎಂದರೆ ಏನೆಂದು ಯಾರೂ ವಿವರಿಸಬೇಕಿಲ್ಲ. 2015ರಲ್ಲಿ ಅಣೆಕಟ್ಟಿನ ತಪಾಸಣೆಗೆಂದು ಗೆರ್ಲೆದಾಂ ಜಲಾಶಯವನ್ನು ಪೂರ್ತಿ ಬರಿದು ಮಾಡಿದ್ದರು. ತಂಗಿ ಗಂಡನ ಜೊತೆ ನೋಡಲು ಹೋಗಿದ್ದಳಂತೆ. ಬೂದುಬಣ್ಣದ ಕೆಸರು ಒಣಗಿ ಬಿರುಕು ಬಿಟ್ಟಿದೆ. ಅದರ ನಡುವೆ ಲಾಕಿನ ಕಲ್ಲುಗೋಡೆಗಳು, ಮಾಡಿಲ್ಲದ ಕಾವಲುಗಾರರ ಮನೆಗಳು, ಎಲೆಯೊಂದೂ ಇಲ್ಲದ ಮರದ ಬೊಡ್ಡೆಗಳು. ಮೇಲಿನ ದಿಬ್ಬದಲ್ಲಿ ಸಾಲುಗಟ್ಟಿ ನಿಂತ ಜನ. ‘ಲಿಂಗನಮಕ್ಕಿ ಖಾಲಿ ಮಾಡಿದ್ರೆ ಅಜ್ಜನ ಮನೆ ಜಗಲಿ ಹೀಗೇ ಕಾಣ್ತದೇನೋ ಅನ್ನಿಸಿ ಅಲ್ಲಿ ನಿಲ್ಲೋಕೆ ಆಗ್ಲಿಲ್ಲ ಮಾರಾಯ್ತಿ’ ಎಂದಳು.

ಜಲಾಶಯದ ಉತ್ತರಕ್ಕೆ ಸೈಕಲ್ಲಿನವರು ಹಿಡಿಯುವುದು ಹಳೆಯ ರೈಲುದಾರಿಯನ್ನು. ಅದು ಮೀಟರ್ ಗೇಜ್ ಆಗಿತ್ತು ಎಂಬುದು ನನಗೆ ಗೊತ್ತಾದದ್ದು ಅಲ್ಲೇ. ಕಾರೇ ಎಂಬ ಊರನ್ನು ನಡುವಿಟ್ಟುಕೊಂಡು ಐದು ದಿಕ್ಕಿಗೆ ಚಾಚಿದ್ದ ‘ರೆಸೋ ಬ್ರೆತೋಂ’ ಎಂಬ ಸಣ್ಣ ರೈಲುಜಾಲ 1891ರಲ್ಲಿ ಶುರುವಾಗಿ, 1967ರಲ್ಲಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು. ಹಳಿ ಕಿತ್ತ ಮೇಲೂ ಮೀಟರ್ ಗೇಜಿನ ಮೈಕಟ್ಟು ಗುರುತು ಸಿಗುತ್ತದೆ. ದಿಬ್ಬ ಕಡಿದದ್ದು ಇಕ್ಕಟ್ಟಾಗಿ, ತಿರುವುಗಳು ಬಿಗಿಯಾಗಿ, ದಾರಿ ಗುಡ್ಡದ ಜೊತೆ ಜಗಳಕ್ಕೆ ಹೋಗದೆ ಬಳಸಿಕೊಂಡು ಸಾಗುತ್ತದೆ. ಒಂದು ಕಡೆ ಊರ ರಸ್ತೆ ಅಡ್ಡ ಬಂದಲ್ಲಿ ಗೇಟ್ ಕಾಯುವವರ ಮನೆ. ಹೊಸ ಬಣ್ಣ ಹಚ್ಚಿ ಯಾರೋ ವಾಸವಾಗಿದ್ದಾರೆ, ಹಗ್ಗದ ಮೇಲೆ ಮಕ್ಕಳ ಬಟ್ಟೆ ಒಣಗುತ್ತಿದೆ. ತಂಗಿ ಬ್ರೇಕ್ ಹಿಡಿದಳು, ಒಂದು ಕ್ಷಣ ನೋಡಿದಳು, ಮತ್ತೆ ಪೆಡಲ್ ಮೇಲೆ ಕಾಲಿಟ್ಟಳು.

ಬೋಂ ರೆಪೊ ಮಠದ ಬಳಿ ಕಾಲುವೆ ಮತ್ತೆ ಕೈಗೆ ಸಿಗುತ್ತದೆ. 1184ರಲ್ಲಿ ಸಿಸ್ಟರ್ಷಿಯನ್ ಸನ್ಯಾಸಿಗಳಿಗಾಗಿ ಕಟ್ಟಿದ ಮಠ. ಅದನ್ನು ಬೇಗ ನೋಡಿ ಮುಗಿಸಿದೆವು. ನನ್ನ ಮನಸ್ಸು ಗ್ಲೋಮೆಲ್ ಮೇಲಿತ್ತು. ಸಮುದ್ರಮಟ್ಟದಿಂದ 184 ಮೀಟರ್, ಇಡೀ ಕಾಲುವೆಯ ಅತಿ ಎತ್ತರದ ಜಾಗ ಅದು. ಅಲ್ಲಿ ಬ್ಲಾವೆ ಕಡೆಯ ನೀರನ್ನೂ ಓನ್ ಕಡೆಯ ನೀರನ್ನೂ ಕೂಡಿಸಲು ಗುಡ್ಡವನ್ನೇ ಸೀಳಿದರು. ಸುಮಾರು ಮೂರು ಕಿಲೋಮೀಟರ್ ಉದ್ದ, ಕೆಲವೆಡೆ ಇಪ್ಪತ್ತು ಮೀಟರಿಗೂ ಹೆಚ್ಚು ಆಳ. 1823ರಿಂದ 1832ರವರೆಗೆ ಅದನ್ನು ಅಗೆದವರು ಬ್ರೆಸ್ತ್ ಸೆರೆಮನೆಯ ಕೈದಿಗಳು. ಪಿಕಾಸಿ, ಸಲಿಕೆ, ಒಂಟಿ ಚಕ್ರದ ಕೈಗಾಡಿ. ಹೊತ್ತ ಮಣ್ಣನ್ನು ಎತ್ತರದ ದಂಡೆಗೆ ಸಾಗಿಸಬೇಕು. ಮಳೆ ಬಂದರೆ ದಂಡೆ ಜರಿದು ಅಗೆದದ್ದರ ಮೇಲೇ ಬೀಳುತ್ತದೆ.

ಇಂದು ಎರಡೂ ದಂಡೆಯ ಮೇಲೆ ಕಾಡು ಬೆಳೆದಿದೆ. ಜರೀಗಿಡ, ಪಾಚಿ, ಮೇಲೆ ಕೂಡಿಕೊಂಡ ಕೊಂಬೆಗಳು. ಮಟ್ಟಸ ದಾರಿ, ಸಲೀಸಾಗಿ ಉರುಳುವ ಚಕ್ರ. ನಾನು ಅಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆದೆ. ಕಾಲ ಕೆಳಗಿನ ಈ ಸಮತಟ್ಟು ಕೈದಿಗಳ ಬೆನ್ನಿನಿಂದ ಬಂದದ್ದು ಎಂದು ಗೊತ್ತಿದ್ದೂ ತುಳಿದುಕೊಂಡು ದಾಟಲು ಮನಸ್ಸು ಬರಲಿಲ್ಲ. ನಡೆದರೆ ಅವರಿಗೇನೂ ಆಗಬೇಕಾದ್ದಿಲ್ಲ, ಅದು ನನಗೂ ತಿಳಿದದ್ದೇ. ತಂಗಿಯೂ ಇಳಿದು ಪಕ್ಕದಲ್ಲಿ ನಡೆದಳು. ಕಾಲುವೆಯಲ್ಲಿ ಓಡಾಡಿದ ದೋಣಿಗಳ ಚಿತ್ರಗಳು ದಾರಿಯುದ್ದಕ್ಕೂ ಅಲ್ಲಲ್ಲಿ ಸಿಗುತ್ತವೆ. ಅಗೆದವರ ಮುಖಗಳಿಲ್ಲ.

ಆ ಕೊರಕಲು ದಾಟಿ ಸೈಕಲ್ ಹತ್ತಿದ ಮೇಲೆ ಕಾಲುವೆ ಕಾರೇ ಕಡೆಗೆ ಇಳಿಯತೊಡಗುತ್ತದೆ. ಪೆಡಲ್ ಒತ್ತುವ ಕೆಲಸವೇ ಇಲ್ಲ. ಆಗ ಅವಳು ಕೇಳಿದಳು, ಮುಂದಿನ ದಾರಿ ನೋಡುತ್ತಲೇ: ‘ಅಪ್ಪ ಕೊನೆ ದಿನಗಳಲ್ಲಿ ಏನು ಮಾತಾಡ್ತಿದ್ರು ಅಂತ ನಾನು ಕೇಳಲೇ ಇಲ್ಲ ಅಲ್ವನೇ ಅಕ್ಕಾ?’

ಅಪ್ಪ ಹೋದದ್ದು ವಿಮಾನಗಳು ನಿಂತಿದ್ದ ವರ್ಷ. ಅವಳಿಗೆ ಬರಲಾಗಲಿಲ್ಲ. ಆಮೇಲೆ ಬಂದಾಗ ಮನೆತುಂಬ ಜನ, ಆಮೇಲಿನ ಫೋನುಗಳಲ್ಲಿ ಅಮ್ಮನ ಔಷಧಿಯ ಮಾತು. ನಾನು ಹೇಳಿದೆ. ಅಪ್ಪ ಅಂಕಿಗಳನ್ನು ಹೇಳುತ್ತಿದ್ದರು. ‘ನಲವತ್ತೇಳು’ ಎನ್ನುತ್ತಿದ್ದರು, ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆಸ್ಪತ್ರೆಯ ಹುಡುಗಿಯರಿಗೆ ಅರ್ಥವಾಗುತ್ತಿರಲಿಲ್ಲ. ರೈಲು ಹೊರಡುವ ಮೊದಲು ಸ್ಟೇಷನ್ ಮಾಸ್ಟರ್ ಗೇಟಿಗೆ ಫೋನ್ ಮಾಡಿದಾಗ ಗೇಟ್ ಮುಚ್ಚಿದ್ದಕ್ಕೆ ಗುರುತಾಗಿ ಪ್ರೈವೇಟ್ ನಂಬರ್ ಕೊಡಬೇಕು, ಎರಡಂಕಿಯದು. ಆ ಕಡೆಯವರು ಅದನ್ನು ತಿರುಗಿ ಹೇಳಬೇಕು, ಇಬ್ಬರೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ತಿರುಗಿ ಹೇಳದಿದ್ದರೆ ಕೆಲಸ ಪೂರ್ತಿಯಾದ ಹಾಗಲ್ಲ. ನಾವಿಬ್ಬರೂ ಹೋಂವರ್ಕ್ ಮಾಡುತ್ತ ದಿನಾ ಕೇಳಿಸಿಕೊಂಡದ್ದೇ. ಹಾಗಾಗಿ ನಾನು ಮಂಚದ ಪಕ್ಕ ಕೂತು ‘ನಲವತ್ತೇಳು’ ಎಂದು ತಿರುಗಿ ಹೇಳುತ್ತಿದ್ದೆ. ಹೇಳಿದರೆ ಕಣ್ಣು ಮುಚ್ಚುತ್ತಿದ್ದರು. ಇನ್ನಷ್ಟು ಹೊತ್ತಿನ ಮೇಲೆ ಇನ್ನೊಂದು ಅಂಕಿ.

ತಂಗಿ ಏನೂ ಹೇಳಲಿಲ್ಲ. ಎರಡು ಲಾಕ್ ಹಿಂದೆ ಸರಿದವು. ಇಬ್ಬರೂ ಅತ್ತೆವು, ಸೈಕಲ್ ನಿಲ್ಲಿಸಲಿಲ್ಲ. ಕಣ್ಣೊರೆಸಿಕೊಳ್ಳಲು ಹ್ಯಾಂಡಲಿನಿಂದ ಒಂದು ಕೈ ತೆಗೆಯಬಹುದಾದ ದಾರಿ ಅದು. ಎಂಟಡಿ ಅಗಲದ, ಹಿಂದಿನಿಂದ ಯಾರೂ ಹಾರ್ನ್ ಹೊಡೆಯದ ಗರಸಿನ ಪಟ್ಟಿ ಇರದಿದ್ದರೆ ಆ ಪ್ರಶ್ನೆಯನ್ನು ಅವಳು ಕೇಳುತ್ತಿರಲಿಲ್ಲ, ಕೇಳಿದರೂ ನಾನು ಅಷ್ಟನ್ನು ಹೇಳುತ್ತಿರಲಿಲ್ಲ. ಸೈಕಲ್ ದಾರಿಗಳಿಗೆ ದುಡ್ಡು ಸುರಿಯುವವರು ಪ್ರವಾಸಿಗರನ್ನೂ ಆರೋಗ್ಯವನ್ನೂ ಲೆಕ್ಕ ಹಾಕುತ್ತಾರೆ. ಅಕ್ಕತಂಗಿಯರು ಜೋಡಿಯಾಗಿ ಹೋಗುವಷ್ಟು ಅಗಲವಿದೆಯೇ ಎಂಬುದನ್ನೂ ಅವರು ಅಳೆಯಲಿ ಎಂಬುದು ನನ್ನ ಆಸೆ.

ಕಾರೇ ಊರಿನಿಂದ ಗ್ವಾಂಗಾಂ ಕಡೆಗೆ ಇಂದಿಗೂ ರೈಲಿದೆ. ರೆಸೋ ಬ್ರೆತೋಂನ ಐದು ಕವಲುಗಳಲ್ಲಿ ಉಳಿದದ್ದು ಅದೊಂದೇ, 1967ರಲ್ಲಿ ಅದನ್ನು ದೊಡ್ಡ ಗೇಜಿಗೆ ಬದಲಾಯಿಸಿದರು. ಸೈಕಲ್ಲುಗಳನ್ನು ಅದೇ ಬೋಗಿಯಲ್ಲಿ ನಿಲ್ಲಿಸಿಕೊಂಡು ಹೊರಟೆವು. ನಮ್ಮ ತಾಳಗುಪ್ಪ ಲೈನೂ ಬ್ರಾಡ್ ಗೇಜಾಯಿತು, ಅಪ್ಪನ ಗೇಟಿನ ಮನೆಯನ್ನು ಕೆಡವಿದರು. ಮನೆ ಹೋದದ್ದಕ್ಕೆ ನನಗೆ ಸಂಕಟವಿದೆ, ರೈಲು ಉಳಿದದ್ದಕ್ಕೆ ಅದಕ್ಕಿಂತ ದೊಡ್ಡ ಸಂತೋಷವಿದೆ. ಹತ್ತುವ ಜನ ಇರುವವರೆಗೆ ಹಳಿಯ ಮೇಲೆ ರೈಲೇ ಓಡಬೇಕು, ಅದನ್ನು ಕಿತ್ತು ಎಂಥ ಚೆಂದದ ಸೈಕಲ್ ದಾರಿ ಮಾಡಿದರೂ ನಾನು ಒಪ್ಪುವುದಿಲ್ಲ. ಆದರೆ ಕಿತ್ತಾದ ಮೇಲೆ ಆ ಜಾಗವನ್ನು ತುಂಡುತುಂಡಾಗಿ ಮಾರದೆ ಉದ್ದಕ್ಕೆ ಉಳಿಸಿಕೊಂಡವರನ್ನು ಮೆಚ್ಚಲೇಬೇಕು. ಒಮ್ಮೆ ತುಂಡಾದ ದಾರಿಯನ್ನು ಮತ್ತೆ ಕೂಡಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಕಾರೇಯ ಮುಂದಿನ ಭಾಗ, ಓನ್ ನದಿಯ ಜೊತೆ ಶಾತೊಲಾಂವರೆಗೆ ಹೋಗುವುದು, ಹಾಗೇ ಉಳಿದಿದೆ. ಅದನ್ನು ಮೇ ತಿಂಗಳಲ್ಲಿ, ದಿಬ್ಬಗಳಲ್ಲಿ ಹಳದಿ ಹೂವು ಇರುವಾಗಲೇ ತುಳಿಯಬೇಕೆಂದು ತಂಗಿಯ ಹಟ. ಲಾಕ್ ಕಾವಲುಗಾರರ ಮನೆಯೊಂದು ಬಾಡಿಗೆಗೆ ಸಿಗುತ್ತದಂತೆ, ಅಮ್ಮನನ್ನೂ ಕರೆದುಕೊಂಡು ಬಾ ಎನ್ನುತ್ತಾಳೆ. ಮುಂದೆ ಕೂರುವ ಪೆಟ್ಟಿಗೆಯಿರುವ ಮೂರು ಚಕ್ರದ ಸೈಕಲ್ ಸಿಕ್ಕರೆ ಅಮ್ಮನನ್ನು ಕೂರಿಸಿಕೊಂಡು ಹೋಗಬಹುದೆಂಬ ಲೆಕ್ಕಾಚಾರವೂ ಆಗಿದೆ. ಫೋನಿನಲ್ಲಿ ಅಮ್ಮನಿಗೆ ಮನೆಯ ಫೋಟೋ ತೋರಿಸಿದೆವು. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ‘ಬಾವಿ ಎಷ್ಟು ದೂರನೇ?’ ಎಂದಳು. ನಲ್ಲಿ ಇದೆ ಅಮ್ಮಾ, ಒಳಗೇ ಬರ್ತದೆ ಎಂದೆ. ಹಾಗಾದರೆ ಅಡುಗೆ ಸಾಮಾನು ಏನೇನು ತರಬೇಕು ಬರ್ಕೊ ಎಂದಳು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇವೆ.